ಜೀನು ಕುದುರೆಗೆ ಕೂರುತ್ತಿದೆಯೇ? ಕೈಯಿಂದ, ಕಣ್ಣಿಂದ ಪರೀಕ್ಷಿಸುವ ಬಗೆ

ಜೀನು ತಂದೊಡನೆ ಕುದುರೆ ಕಿವಿ ಹಿಂದಕ್ಕೆ ಮಡಚುತ್ತದೆ. ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ತಿರುಗುತ್ತದೆ. ಸವಾರ ಕೂತ ಮೇಲೆ ಬೆನ್ನು ಕುಗ್ಗಿಸಿ ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತದೆ. ಇದನ್ನು ಹಟವೆಂದು ಬಗೆದು ಚಾಟಿ ಎತ್ತುವುದು ಅನ್ಯಾಯ. ಕಾಲುನೋವು, ಹಲ್ಲು, ಹೊಟ್ಟೆಹುಣ್ಣು ಕೂಡ ಇದೇ ಲಕ್ಷಣ ತೋರಬಹುದು, ಅದನ್ನು ಪಶುವೈದ್ಯರು ನೋಡಬೇಕು. ಆದರೆ ಜೀನಿನ ಪರೀಕ್ಷೆಯನ್ನು ಸವಾರರೇ ಮಾಡಬಹುದು. ಅರ್ಧ ಗಂಟೆ ಸಾಕು. ಇಲ್ಲಿ ಹೇಳುತ್ತಿರುವುದು ಇಂಗ್ಲಿಷ್ ಮಾದರಿಯ ಜೀನಿನ ಬಗ್ಗೆ.

ಮೊದಲು ಜೀನು, ಆಮೇಲೆ ಬೆನ್ನು

ಜೀನೇ ಮುರಿದಿದ್ದರೆ ಉಳಿದ ಪರೀಕ್ಷೆಗಳಿಗೆ ಅರ್ಥವಿಲ್ಲ. ಒಳಗಿನ ಗಟ್ಟಿ ಚೌಕಟ್ಟಿಗೆ ಟ್ರೀ ಎನ್ನುತ್ತಾರೆ. ಜೀನಿನ ಮುಂದಿನ ಕಮಾನನ್ನು ನಿಮ್ಮ ಹೊಟ್ಟೆಗೆ ಆನಿಸಿ, ಹಿಂದಿನ ಏರನ್ನು ಎರಡು ಕೈಯಲ್ಲಿ ಹಿಡಿದು ನಿಮ್ಮತ್ತ ಎಳೆಯಿರಿ. ಬಾಗುವ ಉಕ್ಕಿನ ಪಟ್ಟಿಗಳಿರುವ ಸ್ಪ್ರಿಂಗ್ ಟ್ರೀ ಆದರೆ ತುಸು ಬಾಗಿ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಕಟಕಟ ಸದ್ದು ಬಂದರೆ, ಸೀಟಿನ ತೊಗಲು ಅಡ್ಡಡ್ಡ ಆಳವಾಗಿ ಸುಕ್ಕುಗಟ್ಟಿದರೆ, ಒಳಗೆ ಒಡೆದಿರುವ ಸಾಧ್ಯತೆ ಹೆಚ್ಚು. ಮುಂದಿನ ಕಮಾನಿನ ಎರಡು ಕಾಲುಗಳನ್ನು ಹಿಡಿದು ಅಗಲಿಸಲು ನೋಡಿ. ಅಲ್ಲಿ ಕದಲಿಕೆ ಇರಲೇಬಾರದು.

ಬಳಿಕ ಮಗುಚಿ ಹಿಡಿಯಿರಿ. ಎಡ ಬಲದ ಮೆತ್ತೆಗಳು ದಪ್ಪದಲ್ಲಿ, ಉದ್ದದಲ್ಲಿ ಒಂದೇ ತೆರನಾಗಿರಬೇಕು. ಅಂಗೈ ಒತ್ತಿ ಸವರಿದರೆ ಒಳಗೆ ತುಂಬಿದ ಉಣ್ಣೆ ಗಂಟುಕಟ್ಟಿದ ಜಾಗ ಸಿಗುತ್ತದೆ. ಕಣ್ಣಿಗೆ ಕಾಣದ ಆ ಗಂಟನ್ನು ಕುದುರೆ ಪ್ರತಿ ಹೆಜ್ಜೆಗೂ ಅನುಭವಿಸುತ್ತದೆ. ಹೊಟ್ಟೆಪಟ್ಟಿಯನ್ನು ಸಿಕ್ಕಿಸುವ ಜೀನಿನ ಪಟ್ಟಿಗಳ ಹೊಲಿಗೆಯನ್ನೂ ಎಳೆದು ನೋಡಿ.

ಕುದುರೆಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ, ನಾಲ್ಕು ಕಾಲಿನ ಮೇಲೂ ಸಮ ಭಾರ ಬೀಳುವಂತೆ, ಕತ್ತು ನೇರವಾಗಿ ನಿಲ್ಲಿಸಿ. ಕತ್ತು ಪಕ್ಕಕ್ಕೆ ತಿರುಗಿದರೂ ಬೆನ್ನಿನ ಆಕಾರ ಬದಲಾಗುತ್ತದೆ. ಬೆನ್ನೆಲುಬಿನ ಎರಡು ಬದಿಯ ಮಾಂಸದ ಮೇಲೆ ಬೆರಳುಗಳನ್ನು ಚಪ್ಪಟೆಯಾಗಿ ಇಟ್ಟು, ಹದವಾಗಿ ಒತ್ತುತ್ತಾ ಹಿಂದಕ್ಕೆ ಸಾಗಿ. ಬೆರಳ ತುದಿಯಿಂದ ತಿವಿದರೆ ಆರೋಗ್ಯವಂತ ಕುದುರೆಯೂ ಬೆಚ್ಚುತ್ತದೆ. ಒಂದೇ ಜಾಗದಲ್ಲಿ ಪದೇ ಪದೇ ಬೆನ್ನು ಕೆಳಗಿಳಿಸಿದರೆ ಅಥವಾ ಮಾಂಸ ಬಿಗಿದುಕೊಂಡರೆ ಅಲ್ಲಿ ನೋವಿದೆ. ಬೆನ್ನು ನೋಯುತ್ತಿರುವ ದಿನ ಹೊಸ ಜೀನು ಅಳೆಯಬೇಡಿ, ವಾಸಿಯಾದ ಮೇಲೆ ಬೆನ್ನಿನ ಆಕಾರವೇ ಬೇರೆ ಇರುತ್ತದೆ. ಜೀನು ಕೂರುವ ಜಾಗದಲ್ಲಿ ಹೊಸದಾಗಿ ಎದ್ದ ಬಿಳಿ ಕೂದಲು ಹಳೆಯ ಒತ್ತಡದ ಗಾಯದ ಗುರುತು.

ಎಲ್ಲಿಡಬೇಕು?

ಅತಿ ಹೆಚ್ಚು ತಪ್ಪಾಗುವುದು ಇಲ್ಲಿಯೇ. ಜೀನು ಬಿಗಿ ಎಂದು ದೂರುವ ಎಷ್ಟೋ ಕಡೆ ಅಳತೆ ಸರಿಯೇ ಇರುತ್ತದೆ, ಇಟ್ಟ ಜಾಗ ಮಾತ್ರ ಮುಂದಾಗಿರುತ್ತದೆ. ಕುದುರೆಗೆ ಕೊರಳೆಲುಬು ಇಲ್ಲ. ಮುಂಗಾಲುಗಳು ಮೈಗೆ ಅಂಟಿರುವುದು ಬರೀ ಮಾಂಸ, ಸ್ನಾಯುಗಳಿಂದ. ಹಾಗಾಗಿ ಕಾಲು ಮುಂದೆ ಚಾಚಿದಾಗಲೆಲ್ಲ ಭುಜದ ಹಲಗೆ ಮೂಳೆಯ ಮೇಲ್ತುದಿ ಹಿಂದಕ್ಕೆ ಸರಿಯುತ್ತದೆ. ಜೀನಿನ ಗಟ್ಟಿ ಕಮಾನು ಅದರ ದಾರಿಗೆ ಅಡ್ಡ ನಿಂತರೆ ಮೂಳೆ ಹೋಗಿ ಅದಕ್ಕೇ ಬಡಿಯುತ್ತದೆ. ಕುದುರೆ ಹೆಜ್ಜೆ ಮೊಟಕುಗೊಳಿಸುವುದು ಅದರಿಂದ ತಪ್ಪಿಸಿಕೊಳ್ಳಲು.

ಭುಜದ ಮೂಳೆಯ ಹಿಂದಿನ ಅಂಚನ್ನು ಕೈಯಿಂದ ಹುಡುಕಿ. ಸಿಗದಿದ್ದರೆ ಇನ್ನೊಬ್ಬರಿಗೆ ಆ ಬದಿಯ ಮುಂಗಾಲನ್ನು ಮುಂದಕ್ಕೆ ಎತ್ತಿ ಹಿಡಿಯಲು ಹೇಳಿ, ಮೂಳೆ ನಿಮ್ಮ ಬೆರಳಿನಡಿ ಜಾರುವುದು ತಿಳಿಯುತ್ತದೆ. ಈಗ ಜೀನಿನಡಿ ಹಾಸುವ ಪ್ಯಾಡು ಇಲ್ಲದೆ, ಬರಿಯ ಜೀನನ್ನು ಬೇಕಾದ್ದಕ್ಕಿಂತ ಮುಂದೆ ಇಟ್ಟು, ಕೂದಲು ಮಲಗುವ ದಿಕ್ಕಿನಲ್ಲಿ ಹಿಂದಕ್ಕೆ ಜಾರಿಸಿ. ತಾನಾಗಿ ನಿಲ್ಲುವ ಕಡೆ ಬಿಡಿ. ಟ್ರೀಯ ಮುಂದಿನ ಕಾಲು ಮೂಳೆಯ ಅಂಚಿಗಿಂತ ಎರಡು ಮೂರು ಬೆರಳು, ಅಂದರೆ ಸುಮಾರು 4–5 ಸೆಂ.ಮೀ. ಹಿಂದಿರಬೇಕು. ಗಟ್ಟಿ ಕಾಲಿನಿಂದ ಅಳೆಯಿರಿ. ಹೊರಗೆ ಕಾಣುವ ತೊಗಲಿನ ಅಂಚು ಭುಜದ ಮೇಲೆ ಬಂದರೆ ತೊಂದರೆಯಿಲ್ಲ.

ಬೆರಳಳತೆ

ಕತ್ತು ಮುಗಿದು ಬೆನ್ನು ಶುರುವಾಗುವ ಕಡೆ ಎದ್ದಿರುವ ದಿಬ್ಬವನ್ನು ವಿದರ್ಸ್ ಎನ್ನುತ್ತಾರೆ. ಸವಾರ ಇಲ್ಲದಾಗ ಅದಕ್ಕೂ ಜೀನಿನ ಕಮಾನಿಗೂ ನಡುವೆ ಎರಡು ಮೂರು ಬೆರಳು ನಿಲುವಾಗಿ ಹೋಗಬೇಕು. ಮೇಲ್ಗಡೆಯಷ್ಟೇ ನೋಡಿ ಬಿಡಬೇಡಿ, ವಿದರ್ಸ್‌ನ ಎರಡು ಪಕ್ಕಗಳಲ್ಲೂ ಜಾಗ ಬೇಕು. ಮುಂದೆ ನಿಂತು ನೋಡಿದರೆ ಕಮಾನಿನ ಕಾಲುಗಳ ಓರೆ, ಭುಜದ ಹಿಂದಿನ ಮೈಯ ಓರೆಗೆ ಸಮಾಂತರವಾಗಿರಬೇಕು. ಕಮಾನು ಕಿರಿದಾದರೆ ಜೀನಿನ ಮುಂಭಾಗ ಎತ್ತಿಕೊಂಡು, ಸವಾರ ಹಿಂದಕ್ಕೆ ಕುಸಿಯುತ್ತಾರೆ. ಅಗಲವಾದರೆ ಮುಂಭಾಗ ಕುಸಿದು ವಿದರ್ಸ್ ಮೇಲೆ ಕೂರುತ್ತದೆ.

ಹಿಂದಿನಿಂದ ನೋಡಿದರೆ ಎರಡು ಮೆತ್ತೆಗಳ ನಡುವೆ ಉದ್ದಕ್ಕೂ ಬೆಳಕಿನ ಓಣಿ ಕಾಣಬೇಕು. ಆ ಓಣಿ ಮೂರು ನಾಲ್ಕು ಬೆರಳು ಅಗಲವಿದ್ದು, ಬೆನ್ನೆಲುಬಿಗೂ ಅದರ ಮೇಲೆ ಹಾದುಹೋಗುವ ಅಸ್ಥಿರಜ್ಜುವಿಗೂ (ಮೂಳೆಗಳನ್ನು ಬಿಗಿದಿಡುವ ನಾರು) ಏನೂ ತಾಗಬಾರದು.

ಈಗ ಒಂದು ಕೈ ಜೀನಿನ ಮೇಲಿಟ್ಟು, ಇನ್ನೊಂದನ್ನು ಮೆತ್ತೆಯ ಅಡಿ ಮುಂದಿನಿಂದ ಹಿಂದಕ್ಕೆ ಸಾಗಿಸಿ. ಒತ್ತಡ ಒಂದೇ ಸಮ ಸಿಗಬೇಕು. ನಡುವೆ ಕೈ ಸಡಿಲವಾಗಿ ಓಡಾಡಿ, ಮುಂದೆ ಹಿಂದೆ ಸಿಕ್ಕಿಕೊಂಡರೆ ಜೀನು ಸೇತುವೆಯ ಹಾಗೆ ನಿಂತಿದೆ, ಸವಾರನ ಭಾರವೆಲ್ಲ ಆ ನಾಲ್ಕು ಮೂಲೆಗಳ ಮೇಲೆ. ಇದಕ್ಕೆ ವಿರುದ್ಧವಾಗಿ ಮುಂದೆ ಒತ್ತಿದರೆ ಹಿಂಭಾಗ ಏಳುವಂತಿದ್ದರೆ ಮೆತ್ತೆ ಬೆನ್ನಿಗಿಂತ ಹೆಚ್ಚು ಬಾಗಿದೆ, ಜೀನು ತೊಟ್ಟಿಲಂತೆ ತೂಗುತ್ತದೆ.

ಸೀಟಿನ ಮೇಲೆ ದುಂಡನೆಯ ಪೆನ್ಸಿಲ್ ಅಡ್ಡವಾಗಿ ಇಟ್ಟರೆ ಅದು ಅತಿ ತಗ್ಗಿನ ಜಾಗಕ್ಕೆ ಉರುಳುತ್ತದೆ. ಆ ಜಾಗ ಸೀಟಿನ ಮಧ್ಯದಲ್ಲಿರಬೇಕು.

ಜೀನು ಎಷ್ಟು ಉದ್ದವಿರಬಹುದು ಎಂಬುದಕ್ಕೂ ಒಂದು ಗಡಿಯಿದೆ. ಕುದುರೆಗೆ ಸಾಮಾನ್ಯವಾಗಿ 18 ಜೊತೆ ಪಕ್ಕೆಲುಬು. ಕೊನೆಯದನ್ನು ಹೊಟ್ಟೆಯ ಬದಿಯಲ್ಲಿ ಹುಡುಕಿ, ಅದರ ಬಾಗು ಹಿಡಿದು ಬೆನ್ನೆಲುಬಿನವರೆಗೆ ಬೆರಳು ಏರಿಸಿ. ಭಾರ ಹೊರುವ ಮೆತ್ತೆ ಆ ಗೆರೆ ದಾಟಬಾರದು, ಅದರಾಚೆ ಸೊಂಟಕ್ಕೆ ಪಕ್ಕೆಲುಬಿನ ಆಸರೆ ಇಲ್ಲ. ಗಿಡ್ಡ ಬೆನ್ನಿನ ಕುದುರೆಗೆ ದೊಡ್ಡ ಮೈಕಟ್ಟಿನ ಸವಾರರ ಸೀಟು ಹೊಂದಿಸುವುದು ಕಷ್ಟವಾಗುವುದು ಈ ಕಾರಣಕ್ಕೆ.

ಪಟ್ಟಿ ಬಿಗಿದು, ಸವಾರರು ಕೂತ ಮೇಲೆ

ಹೊಟ್ಟೆಪಟ್ಟಿ ಜೀನಿನಿಂದ ನೆಟ್ಟಗೆ ಕೆಳಗಿಳಿದು ಮುಂಗಾಲ ಮೊಣಕೈಯಿಂದ ಸುಮಾರು ನಾಲ್ಕು ಬೆರಳು ಹಿಂದೆ ಬರಬೇಕು. ಪಟ್ಟಿ ಯಾವಾಗಲೂ ಎದೆಗೂಡಿನ ಕಿರಿದಾದ ಜಾಗಕ್ಕೆ ಸರಿಯುತ್ತದೆ. ಜೀನಿನ ಪಟ್ಟಿಗಳು ಆ ಜಾಗಕ್ಕಿಂತ ಹಿಂದಿದ್ದರೆ ಸವಾರಿಯುದ್ದಕ್ಕೂ ಜೀನನ್ನು ಭುಜದ ಮೇಲಕ್ಕೆ ಎಳೆಯುತ್ತವೆ. ಒಂದೇ ಸಲಕ್ಕೆ ಬಿಗಿಯದೆ, ಎರಡು ಕಡೆಯೂ ಒಂದೊಂದೇ ತೂತಿನಂತೆ ಬಿಗಿಯಿರಿ.

ಸವಾರರು ಕೂತಾಗ ವಿದರ್ಸ್ ಮೇಲೆ ಕನಿಷ್ಠ ಎರಡು ಬೆರಳಿನ ಜಾಗ ಉಳಿಯಬೇಕು. ಹತ್ತು ಹದಿನೈದು ನಿಮಿಷ ಓಡಿಸಿದ ಮೇಲೆ ಮತ್ತೆ ನೋಡಿ, ನಿಂತಾಗ ಸರಿಯಿದ್ದ ಜೀನು ಅಷ್ಟರಲ್ಲಿ ಕುಸಿದಿರಬಹುದು. ಟ್ರಾಟ್‌ನಲ್ಲಿ, ಅಂದರೆ ಹದವಾದ ವೇಗದ ಓಟದಲ್ಲಿ, ಕುದುರೆಯ ಹಿಂದೆ ನಿಂತು ಗಮನಿಸಿ. ಹಿಂಭಾಗ ಪಟಪಟ ಬಡಿಯುತ್ತಿದ್ದರೆ ಮೆತ್ತೆ ಅಥವಾ ಸಮತೋಲನ ಸರಿಯಿಲ್ಲ. ಜೀನು ಒಂದೇ ಬದಿಗೆ ಜಾರುತ್ತಿದ್ದರೆ ತಕ್ಷಣ ಜೀನನ್ನೇ ದೂರಬೇಡಿ. ಸವಾರರು ಓರೆಯಾಗಿ ಕೂತಿರಬಹುದು, ಕುದುರೆಯ ಒಂದು ಭುಜ ದೊಡ್ಡದಿರಬಹುದು. ಹಿಂಗಾಲಿನ ಕುಂಟು ಇದ್ದಾಗಲೂ ಹೀಗೇ ಆಗುತ್ತದೆ, ಕುಂಟು ಕಣ್ಣಿಗೆ ಕಾಣದಷ್ಟು ಸಣ್ಣದಿದ್ದರೂ ಸಹ. ಬೇರೆ ಸವಾರರನ್ನು ಕೂರಿಸಿದರೂ ಅದೇ ಬದಿಗೆ ಜಾರಿದರೆ ಪಶುವೈದ್ಯರಿಗೆ ತೋರಿಸಿ.

ಸವಾರಿ ಮುಗಿದ ಮೇಲೆ ಬೆವರಿನ ಗುರುತು ಓದಬೇಕು. ಸುತ್ತ ಒದ್ದೆಯಾಗಿ ನಡುವೆ ಅಂಗೈಯಗಲ ಒಣ ತೇಪೆ ಇದ್ದರೆ ಎರಡು ಅರ್ಥ: ಅಲ್ಲಿ ವಿಪರೀತ ಒತ್ತಡವಿದೆ, ಇಲ್ಲವೇ ಜೀನು ತಾಗಿಯೇ ಇಲ್ಲ. ಯಾವುದೆಂದು ಬೆವರೊಂದೇ ಹೇಳದು, ಮೆತ್ತೆಯಡಿ ಕೈಯಾಡಿಸಿದ ಪರೀಕ್ಷೆ ಹೇಳುತ್ತದೆ. ಕೂದಲು ತುಂಡಾಗಿದ್ದರೆ, ಸುರುಳಿಗಟ್ಟಿದ್ದರೆ ಜೀನು ಉಜ್ಜುತ್ತಿದೆ.

ದಪ್ಪ ಪ್ಯಾಡಿನ ಮೋಹ

ಬಿಗಿಯಾದ ಜೀನಿನಡಿ ದಪ್ಪ ಪ್ಯಾಡು ಹಾಕುವುದು, ಕಚ್ಚುವ ಬೂಟಿನೊಳಗೆ ಇನ್ನೊಂದು ಜೊತೆ ಕಾಲುಚೀಲ ಹಾಕಿದಂತೆ. ಒತ್ತಡ ಹೆಚ್ಚುತ್ತದೆ. ತುಸು ಅಗಲವಾದ ಜೀನಿಗೆ, ಕುದುರೆಯ ಬೆನ್ನಿಗೆ ಮಾಂಸ ತುಂಬುವವರೆಗೆ, ಅಳೆದು ಹಾಕಿದ ಪ್ಯಾಡು ನೆರವಾಗಬಹುದು. ಯಾವ ಪ್ಯಾಡೇ ಆದರೂ ಪಟ್ಟಿ ಬಿಗಿಯುವ ಮೊದಲು ಕಮಾನಿನೊಳಕ್ಕೆ ಮೇಲೆತ್ತಿ, ಇಲ್ಲದಿದ್ದರೆ ಅದೇ ವಿದರ್ಸ್ ಮೇಲೆ ಬಿಗಿದುಕೊಳ್ಳುತ್ತದೆ.

ಬೆನ್ನು ಕಾಲಕಾಲಕ್ಕೆ ಬದಲಾಗುತ್ತದೆ: ತರಬೇತಿಯಿಂದ, ಮೇವಿನಿಂದ, ರಜೆಯಿಂದ. ಉಣ್ಣೆಯ ಮೆತ್ತೆಯೂ ಕುಗ್ಗುತ್ತದೆ, ಹೊಸದಾದರೆ ಮೊದಲ ಕೆಲವು ತಿಂಗಳಲ್ಲೇ ಹೆಚ್ಚು. ವರ್ಷಕ್ಕೆ ಎರಡು ಸಲ, ಇನ್ನೂ ಬೆಳೆಯುತ್ತಿರುವ ಎಳೆಯ ಕುದುರೆಯಾದರೆ ಮೂರು ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿ. ಬಾಗಿಸಿದಂತೆ ನಿಲ್ಲುವ ರಬ್ಬರ್ ಅಳತೆಪಟ್ಟಿಯನ್ನು ಮೂರು ಕಡೆ ಅಡ್ಡಲಾಗಿ ಒತ್ತಿ: ಭುಜದ ಮೂಳೆಯ ಹಿಂದೆ, ಬೆನ್ನಿನ ತಗ್ಗಿನಲ್ಲಿ, ಕೊನೆಯ ಪಕ್ಕೆಲುಬಿನ ಹತ್ತಿರ. ಆ ಗೆರೆಗಳನ್ನು ದಪ್ಪ ಕಾಗದಕ್ಕೆ ಇಳಿಸಿ, ಎಡ ಬಲ ಬರೆದು, ದಿನಾಂಕ ಹಾಕಿಡಿ. ಮುಂದಿನ ಸಲ ಹೊಸ ಗೆರೆಯನ್ನು ಹಳೆಯದರ ಮೇಲೇ ಎಳೆದರೆ ಬೆನ್ನು ಎಲ್ಲಿ ತುಂಬಿದೆ, ಎಲ್ಲಿ ಸೊರಗಿದೆ ಎಂಬುದು ಕಾಣುತ್ತದೆ. ಜೀನು ಸರಿಪಡಿಸುವವರ ಬಳಿ ಹೋಗುವಾಗ ಆ ಕಾಗದವೂ ಜೊತೆಗಿರಲಿ.