ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಕತೆ

ನಾನು ಮಾಡಿದ ಮೊದಲ ಆಟಕ್ಕೆ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 93% ಒಳ್ಳೆಯ ವಿಮರ್ಶೆ. ಎರಡನೆಯದಕ್ಕೆ 84%. ಮೊದಲನೆಯದು ಒಂದು ವರ್ಷದಲ್ಲಿ 400ರ ಆಸುಪಾಸು ಪ್ರತಿ ಹೋಯಿತು. ಎರಡನೆಯದು ಒಂದೇ ವರ್ಷದಲ್ಲಿ 16 ಸಾವಿರ ದಾಟಿತು. ಇವತ್ತು ಕೇಳಿದರೂ ಮೊದಲನೆಯದೇ ಒಳ್ಳೆಯ ಆಟ ಅಂತೀನಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಗಬೇಡಿ, ಆಡಿದವರೇ ಹಾಗೆ ಬರೆದಿದ್ದಾರೆ. "ಇಷ್ಟು ಚೆನ್ನಾಗಿರೋ ಆಟ ಯಾರಿಗೂ ಯಾಕೆ ಗೊತ್ತಿಲ್ಲ?" ಅಂತ ಒಬ್ಬರು ಕೇಳಿದ್ದರು. ಅದನ್ನು ಓದಿ ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಆ ಆಟ ಹೀಗಿತ್ತು. ಕತ್ತಲೆ ತುಂಬಿದ ಹಳೇ ಮನೆ. ಕನ್ನಡಿಗಳನ್ನು ಜೋಡಿಸಿ ಬೆಳಕಿನ ಕಿರಣವನ್ನು ಕೋಣೆಯಿಂದ ಕೋಣೆಗೆ ದಾಟಿಸಬೇಕು. ಮಾಡೋಕೆ ಮೂರು ವರ್ಷ ಎರಡು ತಿಂಗಳು ಹಿಡಿಯಿತು. ಖರ್ಚು 14 ಸಾವಿರ ಡಾಲರ್ ಹತ್ತಿರ. ಚಿತ್ರಗಳಿಗೆ 6 ಸಾವಿರ, ಸಂಗೀತಕ್ಕೆ ಎರಡೂವರೆ, ಅನುವಾದಕ್ಕೆ 3, ಉಳಿದದ್ದು ಟ್ರೇಲರ್, ಅದು ಇದು. ನನ್ನ ಸಂಬಳವನ್ನು ಲೆಕ್ಕಕ್ಕೇ ಹಿಡಿದಿಲ್ಲ. ಹಿಡಿದರೆ ರಾತ್ರಿ ನಿದ್ದೆ ಬರಲ್ಲ.

ಬಿಡುಗಡೆಯ ರಾತ್ರಿ ವಿಶ್‌ಲಿಸ್ಟ್, ಅಂದರೆ ಆಮೇಲೆ ಕೊಳ್ಳೋಣ ಅಂತ ಗುರುತು ಹಾಕಿಟ್ಟುಕೊಂಡವರ ಲೆಕ್ಕ, 700 ಇತ್ತು. ಬಟನ್ ಒತ್ತಿದೆ. ಮಾರಾಟದ ಪುಟವನ್ನು ರಿಫ್ರೆಶ್ ಮಾಡುತ್ತಾ ಕೂತೆ. ಮೊದಲ ಗಂಟೆಯಲ್ಲಿ 11 ಪ್ರತಿ. ಅದರಲ್ಲಿ ಐದು ನಮ್ಮವರದೇ. ಬೆಳಗಾಗುವಷ್ಟರಲ್ಲಿ 34, ಜೊತೆಗೆ ಒಂದು ರೀಫಂಡ್. ಆ ರೀಫಂಡ್ ಕೇಳಿದ್ದೂ ನಮ್ಮ ಗೆಳೆಯನೇ ಅಂತ ಆಮೇಲೆ ಗೊತ್ತಾಯಿತು. ಅವನ ಕಂಪ್ಯೂಟರಿನಲ್ಲಿ ಆಟ ಓಡಲಿಲ್ಲವಂತೆ. ವರ್ಷದ ಕೊನೆಗೆ ಅಂಗಡಿಯ 30%, ತೆರಿಗೆ, ರೀಫಂಡ್, ರಿಯಾಯಿತಿ ಎಲ್ಲ ಕಳೆದು ಕೈಗೆ ಬಂದದ್ದು 2,300 ಡಾಲರ್ ಇರಬೇಕು. ಆಟ ತೋಪೆದ್ದು ಹೋಯಿತು, ಅಷ್ಟೇ.

ನಾವು ನಾಲ್ಕು ಜನ ಆಟ ಮಾಡುವವರು ವಾರಕ್ಕೊಮ್ಮೆ ರಾತ್ರಿ ಕಾಲ್‌ನಲ್ಲಿ ಸೇರುತ್ತೇವೆ. ಅವತ್ತಿನ ಸಮಾಧಾನದ ಮಾತುಗಳು ಇನ್ನೂ ನೆನಪಿವೆ. ಒಬ್ಬ ಟೈಟನ್‌ಫಾಲ್ 2 ಅನ್ನುವ ಆಟದ ಕತೆ ತೆಗೆದ. 2016ರ ಅಕ್ಟೋಬರ್ 28ಕ್ಕೆ ಬಂತು. ಒಂದು ವಾರ ಮುಂಚೆ ಬ್ಯಾಟಲ್‌ಫೀಲ್ಡ್ 1, ಒಂದು ವಾರ ಆದಮೇಲೆ ಹೊಸ ಕಾಲ್ ಆಫ್ ಡ್ಯೂಟಿ. ಎರಡು ಆನೆಗಳ ನಡುವೆ ಸಿಕ್ಕಿಕೊಂಡಿತು ಅಂದ. ಇನ್ನೊಬ್ಬನದು ಸೈಕೋನಾಟ್ಸ್. 2005ರಲ್ಲಿ ಬಂದಾಗ ಹೊಗಳಿಕೆ ಸಿಕ್ಕಿತು, ದುಡ್ಡು ಸಿಗಲಿಲ್ಲ. ಆಮೇಲೆ ಡಿಜಿಟಲ್ ಅಂಗಡಿಗಳಲ್ಲಿ ನಿಧಾನಕ್ಕೆ ಎದ್ದಿತು, 2021ರಲ್ಲಿ ಎರಡನೇ ಭಾಗವೂ ಬಂತು. ಮೂರನೆಯವನು ಅಮಾಂಗ್ ಅಸ್ ಅಂದ. 2018ರಲ್ಲಿ ಬಂದ ಆಟ, 2020ರಲ್ಲಿ ಸ್ಟ್ರೀಮರ್‌ಗಳು, ಅಂದರೆ ತಾವು ಆಡುವುದನ್ನು ನೆಟ್‌ನಲ್ಲಿ ನೇರ ತೋರಿಸುವವರು, ಕೈಗೆತ್ತಿಕೊಂಡ ಮೇಲೆ ಹತ್ತಿಕೊಂಡಿತು. "ಕಾಯಿ, ನಿನಗೂ ಒಂದು ದಿನ ಬರುತ್ತೆ."

ಎರಡು ತಿಂಗಳು ಈ ಕತೆಗಳನ್ನೇ ದಿಂಬು ಮಾಡಿಕೊಂಡು ಮಲಗಿದೆ. ಆಮೇಲೆ ಅನ್ನಿಸಿತು, ಟೈಟನ್‌ಫಾಲ್ 2 ನೋಡಿದವನಿಗೆ ಅದು ರೋಬೋ ಏರಿ ಗುಂಡು ಹಾರಿಸುವ ಆಟ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಕೊಳ್ಳಲಿಲ್ಲ ಅಂದರೆ ದುಡ್ಡು ಬೇರೆ ಕಡೆ ಹೋಯಿತು ಅಂತ ಅರ್ಥ. ನನ್ನದು ಬೇರೆ ಕಾಯಿಲೆ ಇರಬಹುದು.

ಕಾಯಿಲೆ ಹಿಡಿದವರು ನಮ್ಮ ಭಾವ. ಅವರು ಆಟ ಆಡುವವರೇ ಅಲ್ಲ. ಒಂದು ಸಂಜೆ ಲ್ಯಾಪ್‌ಟಾಪ್‌ನಲ್ಲಿ ಪಜಲ್ ಆಟಗಳ ಪಟ್ಟಿ ತೆರೆದು, "ಭಾವ, ಇದರಲ್ಲಿ ನನ್ನದು ಯಾವುದು ಹೇಳಿ" ಅಂದೆ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎರಡು ಸಲ ಹೋದರು. ಎರಡು ಸಲವೂ ನನ್ನದನ್ನು ದಾಟಿಕೊಂಡೇ ಹೋದರು. ಕೊನೆಗೆ ನಾನೇ ಬೆರಳಿಟ್ಟು ತೋರಿಸಿದೆ.

"ಇದಾ? ಇದು ನಿದ್ದೆ ಬರಿಸೋ ಆ್ಯಪ್ ಅಂದುಕೊಂಡೆ ಕಣಯ್ಯಾ."

ಪಟ್ಟಿಯಲ್ಲಿ ಬರುವ ಆ ಚಿಕ್ಕ ಕ್ಯಾಪ್ಸೂಲ್ ಚಿತ್ರ ಆಗ 231 ಪಿಕ್ಸೆಲ್ ಅಗಲ, 87 ಎತ್ತರ. ಕಡುನೀಲಿ ಕತ್ತಲೆ, ಮೂಲೆಯಲ್ಲಿ ಒಂದು ದೀಪ, ಕೂದಲೆಳೆಯಂಥ ಅಕ್ಷರ. ನನ್ನ ದೊಡ್ಡ ಮಾನಿಟರಿನಲ್ಲಿ ನೋಡಿದರೆ ಗೋಡೆಗೆ ತೂಗುಹಾಕಬೇಕು ಅನ್ನಿಸುತ್ತಿತ್ತು. ಪಟ್ಟಿಯಲ್ಲಿ ಅದೊಂದು ಕಪ್ಪು ಪಟ್ಟೆ. ಕನ್ನಡಿ ಇಲ್ಲ, ಕಿರಣ ಇಲ್ಲ, ಕೈ ಇಲ್ಲ. 2024 ಒಂದರಲ್ಲೇ ಸ್ಟೀಮ್‌ಗೆ 18 ಸಾವಿರಕ್ಕೂ ಜಾಸ್ತಿ ಆಟ ಬಂದಿವೆ. ಅಷ್ಟರ ನಡುವೆ ನನ್ನ ಕಪ್ಪು ಪಟ್ಟೆಯ ಮೇಲೆ ಯಾರು ಕ್ಲಿಕ್ ಮಾಡುತ್ತಾರೆ?

ಕ್ಲಿಕ್ ಮಾಡಿದವರಿಗೂ ಸುಖ ಇರಲಿಲ್ಲ. ಟ್ರೇಲರ್‌ನ ಮೊದಲ 20 ಸೆಕೆಂಡ್ ನನ್ನ ಲೋಗೋ, ಮಂಜು, ಪಿಯಾನೋ. ಆಟದಲ್ಲಿ ಮೊದಲ ಕನ್ನಡಿ ಕೈಗೆ ಬರುವುದೇ 25 ನಿಮಿಷಕ್ಕೆ. ಅಲ್ಲಿಯವರೆಗೆ ಬರೀ ಕತೆ. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ರೀಫಂಡ್ ಸಿಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ನನ್ನ ರೀಫಂಡ್ 14% ಮುಟ್ಟಿತ್ತು. ಕನ್ನಡಿಯನ್ನೇ ನೋಡದೆ ವಾಪಸ್ ಕೊಟ್ಟವರು ಎಷ್ಟು ಜನವೋ.

ಇಷ್ಟು ಗೊತ್ತಾದ ಮೇಲೂ ಬುದ್ಧಿ ಬರಲಿಲ್ಲ, ಹಳೇ ಆಟವನ್ನೇ ತಳ್ಳಿ ನೋಡೋಣ ಅಂತ ಹೊರಟೆ. ಜಾಹೀರಾತಿಗೆ 600 ಡಾಲರ್ ಸುರಿದೆ. 130 ವಿಶ್‌ಲಿಸ್ಟ್ ಬಂದವು. ಅದರಲ್ಲಿ ಕೊಂಡವರು ಒಂದು ಕೈ ಬೆರಳೆಣಿಕೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಸ್ಟ್ರೀಮರ್ ಅಂತ ಹೇಳಿಕೊಂಡು ಮೇಲ್ ಹಾಕಿದವರಿಗೆ 60 ಕೀ (ಆಟವನ್ನು ಪುಕ್ಕಟೆ ತೆರೆಯುವ ಕೋಡ್) ಕಳಿಸಿದೆ. ನಾಲ್ಕು ಜನ ನಿಜವಾಗಿ ಆಡಿದರು. ಉಳಿದವುಗಳಲ್ಲಿ ಕೆಲವು ಕೀ ಮರುಮಾರಾಟದ ಕಡೆ ಅರ್ಧ ಬೆಲೆಗೆ ಕೂತಿದ್ದವು. ಬೆಲೆಯನ್ನು 15 ಡಾಲರ್‌ನಿಂದ 5ಕ್ಕೆ ಇಳಿಸಿದೆ. ಪ್ರತಿಗಳ ಸಂಖ್ಯೆ ಹೆಚ್ಚುಕಮ್ಮಿ ಅಷ್ಟೇ ಇತ್ತು, ದುಡ್ಡು ಮಾತ್ರ ಮೂರನೇ ಒಂದಾಯಿತು. ಏನು ಅಂತಲೇ ಗೊತ್ತಾಗದ ವಸ್ತು ಅಗ್ಗವಾದರೆ ಯಾರಿಗೆ ಬೇಕು? ಸ್ವಲ್ಪ ಕೆಲಸ ಮಾಡಿದ್ದು 20% ರಿಯಾಯಿತಿ. ಅಷ್ಟು ಅಥವಾ ಜಾಸ್ತಿ ಇದ್ದರೆ ವಿಶ್‌ಲಿಸ್ಟ್ ಮಾಡಿದವರಿಗೆ ಮೇಲ್ ಹೋಗುತ್ತದೆ ಅಲ್ವಾ. ಆದರೆ ಕೆಲವು ನೂರು ಜನರಿಗೆ ಎಷ್ಟು ಸಲ ಮೇಲ್ ಹೋದರೂ ಅವರು ಕೆಲವು ನೂರು ಜನವೇ.

ಆಗ ಕೆಲಸವನ್ನು ತಲೆಕೆಳಗು ಮಾಡಿದೆ. ಆಟ ಆಮೇಲೆ, ಅಂಗಡಿಯ ಚಿತ್ರ ಮೊದಲು. ನಾಲ್ಕು ಐಡಿಯಾಗಳಿಗೆ ಎರಡೆರಡು ದಿನ ಕೊಟ್ಟು ಒಂದು ಕ್ಯಾಪ್ಸೂಲ್, ಒಂದು ಆರು ಸೆಕೆಂಡ್ ಕ್ಲಿಪ್ ಮಾಡಿದೆ. ಹಿಂದೆ ಆಟವೇ ಇಲ್ಲ, ಬರೀ ಚಿತ್ರ. ಕಾಲ್‌ನಲ್ಲಿ ಹೇಳಿದಾಗ ಗುಂಪಿನ ಹಿರಿಯ ನಕ್ಕ. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದ ಹಾಗಾಯ್ತು. ನೀನು ಆಟ ಮಾಡೋನಾ, ಪೋಸ್ಟರ್ ಅಂಟಿಸೋನಾ?" ಉಳಿದ ಇಬ್ಬರೂ ಹೌದು ಹೌದು ಅಂದರು. ಒಳ್ಳೆಯ ಆಟ ತಾನೇ ಮಾರಾಟವಾಗುತ್ತದೆ ಅನ್ನುವುದು ಅವನ ನಂಬಿಕೆ. ಅವನ ಹೊಸ ಆಟ ಐದನೇ ವರ್ಷಕ್ಕೆ ಕಾಲಿಟ್ಟಿದೆ, ಒಳ್ಳೆಯದಾಗಲಿ.

ಪರೀಕ್ಷೆ ಸುಲಭ. ಪರಿಚಯ ಇಲ್ಲದವರಿಗೆ ಚಿಕ್ಕ ಅಳತೆಯಲ್ಲೇ ಚಿತ್ರ ತೋರಿಸುತ್ತೇನೆ. ಮನಸ್ಸಿನಲ್ಲಿ ಮೂರು ಎಣಿಸಿ ಲ್ಯಾಪ್‌ಟಾಪ್ ಮುಚ್ಚುತ್ತೇನೆ. "ಚೆನ್ನಾಗಿದೆಯಾ?" ಅಂತ ಕೇಳಬಾರದು. ಕೇಳಿದರೆ ಎಲ್ಲರೂ ಸೂಪರ್ ಅಂತಾರೆ. ಕೇಳಬೇಕಾದ್ದು, "ಈ ಆಟದಲ್ಲಿ ನೀವು ಏನು ಮಾಡ್ತೀರಿ?" ಉತ್ತರದಲ್ಲಿ ಒಂದು ಕ್ರಿಯಾಪದ ಇರಬೇಕು. "ಏನೋ ಮಂಜು, ಕಡಲು" ಅಂದರೆ ಸೊನ್ನೆ. ನನ್ನ ಮೊದಲ ಆಟದ ಚಿತ್ರವನ್ನೂ ಕುತೂಹಲಕ್ಕೆ ಸೇರಿಸಿದ್ದೆ. 15 ಜನರಲ್ಲಿ ಒಬ್ಬರೂ ಕನ್ನಡಿ ಅನ್ನಲಿಲ್ಲ.

ನಾಲ್ಕರಲ್ಲಿ ಎರಡು ಅಲ್ಲೇ ಸತ್ತವು. ಜಲಾಂತರ್ಗಾಮಿಯ ಆಟ ಒಂದು ನನಗೆ ತುಂಬಾ ಇಷ್ಟ. 15ರಲ್ಲಿ ಆರು ಜನ ಸರಿಯಾಗಿ ಹೇಳಿದ್ದರು, ಅದೇ ಸಾಕು ಅಂತ ಹಟಕ್ಕೆ ಬಿದ್ದು ಸ್ಟೀಮ್ ಪುಟ ತೆರೆದೆ. ಆರು ವಾರದಲ್ಲಿ 180 ವಿಶ್‌ಲಿಸ್ಟ್. ಆರು ವಾರದಲ್ಲಿ ಸಾವಿರ ಬರದಿದ್ದರೆ ಬಿಡಬೇಕು ಅಂತ ನಾನೇ ಹಾಕಿಕೊಂಡ ನಿಯಮ, ಬಿಟ್ಟೆ. ಸ್ಟೀಮ್‌ಗೆ ಕಟ್ಟಿದ 100 ಡಾಲರ್ ಮತ್ತು ಎರಡು ತಿಂಗಳು ಹೋಯಿತು. ಮೂರು ವರ್ಷ ಹೋಗಲಿಲ್ಲ, ಅದೇ ಲಾಭ.

ಗೆದ್ದದ್ದು ಲೈಟ್‌ಹೌಸ್. ಎದುರಿಗೆ ಬರುವ ಮಂಜಿನ ರಾಕ್ಷಸರನ್ನು ದೀಪ ತಿರುಗಿಸಿ ಕರಗಿಸಬೇಕು. "ಬೆಳಕು ಬಿಟ್ಟು ಕರಗಿಸ್ತೀನಿ" ಅಂತ 15ರಲ್ಲಿ 11 ಜನ ಹೇಳಿದರು. ಒಬ್ಬ ಹುಡುಗ ಕೈಯಲ್ಲೇ ತಿರುಗಿಸಿ ತೋರಿಸಿದ. ತಮಾಷೆ ಏನು ಗೊತ್ತಾ? ಕಿರಣ, ಕನ್ನಡಿ, ಪ್ರತಿಫಲನ, ಎಲ್ಲ ಮೊದಲ ಆಟದ ಕೋಡೇ. ಮುಕ್ಕಾಲು ಪಾಲು ಹಾಗೇ ಎತ್ತಿಕೊಂಡೆ. ಅದೇ ಬೆಳಕು, ಆದರೆ ಈ ಸಲ ಮೂರು ಸೆಕೆಂಡಿನಲ್ಲಿ ಅರ್ಥವಾಗುತ್ತಿತ್ತು. ಪುಟಕ್ಕೆ ಆರು ವಾರದಲ್ಲಿ 1,100 ಬಂತು, ಆಮೇಲೆಯೇ ನಿಜವಾದ ಕೆಲಸ ಶುರು ಮಾಡಿದೆ.

ನಡುವೆ ಒಂದು ಅಡ್ಡ ಪ್ರಯೋಗ. ಮೊದಲ ಆಟಕ್ಕೆ 3 ಸಾವಿರ ಡಾಲರ್ ಕೊಟ್ಟು ಪೂರ್ತಿ ಅನುವಾದ ಮಾಡಿಸಿದ್ದೆ. ಈ ಸಲ ಅಂಗಡಿಯ ಪುಟದ ಮಾತುಗಳನ್ನು ಮಾತ್ರ ಆರು ಭಾಷೆಗೆ ಮಾಡಿಸಿದೆ, 250 ಡಾಲರ್ ಆಗಿರಬೇಕು. ಚೀನೀ ಭಾಷೆಯ ಪುಟ ಹಾಕಿದ ವಾರದಿಂದಲೇ ಅಲ್ಲಿನ ವಿಶ್‌ಲಿಸ್ಟ್ ಏರಿತು. ಯಾವ ಭಾಷೆಯವರು ಬರುತ್ತಾರೆ ಅಂತ ನೋಡಿಕೊಂಡು ಆಮೇಲೆ ಆಟವನ್ನು ಮೂರು ಭಾಷೆಗೆ ಮಾತ್ರ ಮಾಡಿಸಿದೆ. ಟ್ರೇಲರ್‌ಗೆ ಎರಡು ಸಂಗೀತ ಹಾಕಿಯೂ ನೋಡಿದೆ, ಏನೂ ವ್ಯತ್ಯಾಸ ಕಾಣಲಿಲ್ಲ. ಬಹುಪಾಲು ಜನ ಮ್ಯೂಟ್‌ನಲ್ಲೇ ನೋಡುತ್ತಾರೆ ಅಂತ ನನ್ನ ಗುಮಾನಿ.

ಡೆಮೊ, ಅಂದರೆ ಜನ ಪುಕ್ಕಟೆ ಆಡಿ ನೋಡಲು ಬಿಡುವ ಆಟದ ತುಣುಕು, ಅದರ ವಿಷಯದಲ್ಲಿ ಮತ್ತೆ ಎಡವಿದೆ. ಮೊದಲು ಬಿಟ್ಟಾಗ ಮೀಡಿಯನ್ ಆಟದ ಸಮಯ 9 ನಿಮಿಷ, ಅಂದರೆ ಅರ್ಧ ಜನ ಅಷ್ಟರೊಳಗೇ ಬಿಟ್ಟು ಹೋಗುತ್ತಿದ್ದರು. ಜನ ಎಲ್ಲಿ ಬಿಟ್ಟು ಹೋಗುತ್ತಾರೆ ಅಂತ ನೋಡಿದರೆ ಎರಡನೇ ಪರದೆ, ನಾನು ಪ್ರೀತಿಯಿಂದ ಬರೆದ ಪಾಠ. "ಮೌಸ್ ಹೀಗೆ ತಿರುಗಿಸಿ" ಅಂತ ಏಳು ಪೆಟ್ಟಿಗೆ. ಏಳನ್ನೂ ಕಿತ್ತೆ. ಆಟ ಶುರುವಾದ ತಕ್ಷಣ ಒಂದು ರಾಕ್ಷಸ ನೇರ ದೀಪದ ಮುಂದೆ ಬರುವ ಹಾಗೆ ಮಾಡಿದೆ. ಅವನು ಕರಗಿದರೆ ಪಾಠ ಮುಗಿಯಿತು. ಸಮಯ 27 ನಿಮಿಷಕ್ಕೆ ಏರಿತು. ಅದಾದ ಮೇಲೆಯೇ ನೆಕ್ಸ್ಟ್ ಫೆಸ್ಟ್‌ಗೆ, ಅಂದರೆ ಸ್ಟೀಮ್ ನಡೆಸುವ ಡೆಮೊಗಳ ಜಾತ್ರೆಗೆ, ಹೋದೆ. ಒಂದು ಆಟಕ್ಕೆ ಒಂದೇ ಸಲ ಅವಕಾಶ, ಹಸಿ ಡೆಮೊ ಹಿಡಿದುಕೊಂಡು ಹೋಗಿದ್ದರೆ ಮುಗಿಯುತ್ತಿತ್ತು. ಒಳಗೆ ಹೋಗುವಾಗ 6 ಸಾವಿರ ವಿಶ್‌ಲಿಸ್ಟ್, ಹೊರಗೆ ಬರುವಾಗ 14 ಸಾವಿರ ಚಿಲ್ಲರೆ. ಫೆಸ್ಟ್‌ಗೆ ಎಷ್ಟು ದಿನ ಮುಂಚೆ ಡೆಮೊ ಬಿಟ್ಟೆ, ಸ್ಟ್ರೀಮರ್‌ಗಳಿಗೆ ಮೇಲ್‌ನ ಮೊದಲ ಸಾಲಿನಲ್ಲಿ ಏನು ಬರೆದೆ ಅನ್ನುವುದನ್ನು ಇಲ್ಲಿ ಬಿಟ್ಟುಕೊಡಲ್ಲ. ಮುಂದಿನ ಆಟಕ್ಕೂ ಬೇಕು.

ಬಿಡುಗಡೆಯ ದಿನ 19 ಸಾವಿರ ವಿಶ್‌ಲಿಸ್ಟ್, ಬೆಲೆ 10 ಡಾಲರ್. ಮೊದಲ ವಾರ 3,800 ಪ್ರತಿ ಹೋಯಿತು. ಈ ಸಲ ರಿಫ್ರೆಶ್ ಒತ್ತುತ್ತಾ ಕೂರಲಿಲ್ಲ, ಬಗ್ ಸರಿಮಾಡುತ್ತಿದ್ದೆ. ದೀಪ ಒಂದು ಸುತ್ತು ಪೂರ್ತಿ ತಿರುಗಿದರೆ ಕೆಲವರಿಗೆ ಆಟ ನಿಂತುಹೋಗುತ್ತಿತ್ತು. 84% ವಿಮರ್ಶೆಗೆ ಆ ಬಗ್ ಅರ್ಧ ಕಾರಣ. ಇನ್ನರ್ಧ, ಆಟ ಚಿಕ್ಕದಾಯಿತು ಅನ್ನುವ ದೂರು. ಅದು ನಿಜವೇ. ವರ್ಷಕ್ಕೆ ಎಲ್ಲ ಕಳೆದು ಕೈಗೆ 70 ಸಾವಿರ ಡಾಲರ್ ಹತ್ತಿರ ಬಂತು. ಖರ್ಚು 9 ಸಾವಿರ, ಕೆಲಸ 14 ತಿಂಗಳು.

ಇದರ ನಡುವೆ ಮೊದಲ ಆಟದ ಕ್ಯಾಪ್ಸೂಲನ್ನೂ ಬದಲಿಸಿದೆ. ಒಂದು ಕೈ, ಒಂದು ಕನ್ನಡಿ, ಅದಕ್ಕೆ ಬಡಿದು ಮುರಿದ ಹಳದಿ ಕಿರಣ, ದಪ್ಪ ಅಕ್ಷರ. ಎರಡೂ ಆಟವನ್ನು ಒಂದು ಬಂಡಲ್ ಮಾಡಿದೆ. ಮೂರು ತಿಂಗಳಲ್ಲಿ 900 ಪ್ರತಿ ಹೋಯಿತು. ಕನ್ನಡಿ ಬರುವ 25 ನಿಮಿಷವನ್ನು 4 ನಿಮಿಷಕ್ಕೆ ಇಳಿಸಿದ್ದೇನೆ. ಕತೆ ಬರೆದಿದ್ದ ಗೆಳೆಯ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಕುಲಾವಿ ಅಂದಿದ್ದ ಹಿರಿಯ ಹೋದ ವಾರ ಮೆಲ್ಲಗೆ ಒಂದು ಚಿತ್ರ ಕಳಿಸಿ, "ಸುಮ್ನೆ ನೋಡು, ಮೂರು ಎಣಿಸಿ ಮುಚ್ಚು" ಅಂದ. ನಾನೂ ನನ್ನ ಮೂರನೇ ಆಟದ ಚಿತ್ರವನ್ನು ಭಾವನ ಮುಂದೆ ಹಿಡಿದೆ. ಗಾಳಿಪಟದ ಅಂಗಡಿಯವನ ಆಟ, ಗಾಳಿ ನೋಡಿ ದಾರ ಬಿಡಬೇಕು. ಮೂರು ಎಣಿಸಿ ಮುಚ್ಚಿದೆ.

"ಮೀನು ಹಿಡಿಯೋದಲ್ವಾ?" ಅಂದರು.

ಆಟದಲ್ಲಿ ಮೀನೇ ಇಲ್ಲ. ಎರಡು ದಿನದಿಂದ ಯೋಚನೆ ಮಾಡುತ್ತಿದ್ದೇನೆ, ಚಿತ್ರ ಬದಲಿಸಲೋ, ಮೀನು ಹಾಕಿಬಿಡಲೋ ಅಂತ.