ಜೂನ್ ಮೊದಲ ವಾರದಲ್ಲಿ ಮುಂಬೈಯಿಂದ ನೆಂಟರ ಮನೆ ಸುತ್ತುವವರಿಗೆ

ಕರ್ನಾಟಕದ ನಮ್ಮ ಊರಿನ ಶಾಲೆಗಳು ಜೂನ್ 1ರ ಆಸುಪಾಸಿನಲ್ಲೇ ತೆರೆಯುತ್ತವೆ, ಮುಂಬೈನ ರಾಜ್ಯ ಮಂಡಳಿ ಶಾಲೆಗಳು ಜೂನ್ ನಡುವಿಗೆ. ಹಾಗಾಗಿ ಊರ ಕಡೆಯ ದೂರದ ನೆಂಟರನ್ನು ಮೇ ತಿಂಗಳಲ್ಲೇ ನೋಡಿಬನ್ನಿ. ಮುಂಬೈ ಹೊರವಲಯದ ಡೊಂಬಿವಲಿ, ವಸಯಿಯ ನೆಂಟರು ಜೂನ್‌ಗಿರಲಿ.

ಭಾನುವಾರ ಬೇಡ, ಶನಿವಾರ ಹೋಗಿ. ಭಾನುವಾರ ಸೆಂಟ್ರಲ್, ಹಾರ್ಬರ್ ಲೋಕಲ್ ರೈಲು ಮಾರ್ಗಗಳಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗಾಗಿ ರೈಲುಗಳ ಕಡಿತ. ಊಟಕ್ಕೆ ಹೊರಟವರು ಕಾಫಿಗೆ ತಲುಪುತ್ತೀರಿ. ಡೊಂಬಿವಲಿಯಿಂದ ವಸಯಿಗೆ ದಾದರ್ ಮೂಲಕ ಸುತ್ತಿ ಹೋಗಲೇಬೇಕೆಂದಿಲ್ಲ, ದಿವಾ–ವಸಯಿ ಮಾರ್ಗವಿದೆ. ಆದರೆ ಗಾಡಿಗಳು ಬೆರಳೆಣಿಕೆ. ಹಿಂದಿನ ರಾತ್ರಿಯೇ ವೇಳೆ ನೋಡಿಡಿ, ಒಂದು ತಪ್ಪಿದರೆ ಇನ್ನೊಂದಕ್ಕೆ ಬಹಳ ಹೊತ್ತು ಕಾಯಬೇಕು.

ಫೋನ್ ಮಾಡುವಾಗ 'ಹೀಗೇ ಬರ್ತೀವಿ' ಅನ್ನಬೇಡಿ. ಎಷ್ಟು ಜನ, ಊಟಕ್ಕೋ ಕಾಫಿಗೋ, ಎಷ್ಟು ಗಂಟೆಗೆ ಹೊರಡುತ್ತೀರಿ, ಮೂರನ್ನೂ ಹೇಳಿ. ಒಂದು ಕೋಣೆಯ ಮನೆಯವರಿಗೆ ಇದೇ ದೊಡ್ಡ ಉಪಕಾರ.

ಕೊಡಲು ತಂದ ಹಲಸಿನ ಹಪ್ಪಳವನ್ನು ಮಳೆ ಹಿಡಿಯುವ ಮೊದಲೇ 25ರ ಕಟ್ಟು ಮಾಡಿ ಬಿಗಿ ಡಬ್ಬಿಗೆ ಹಾಕಿ. ತೇವ ತಾಗಿದರೆ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ಮಾವಿನಹಣ್ಣು ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಕೊಳೆಯುತ್ತದೆ, ಕಾಗದ ಸುತ್ತಿ ಬಟ್ಟೆ ಚೀಲದಲ್ಲಿ ಒಯ್ಯಿರಿ.