ಲಾರಿ ಕೊಟ್ಟವರು ಯಾರು? ಫ್ಯಾಸಿಸಂ ಗುರುತಿಸಲು, ತಡೆಯಲು ಕೆಲವು ದಾರಿ

ಫ್ಯಾಸಿಸಂ, ಅಂದರೆ ಎದುರು ಮಾತಾಡುವವರನ್ನು ಹೊಡೆದು ಬಾಯಿ ಮುಚ್ಚಿಸಿ ಒಬ್ಬ ನಾಯಕನ ಕೈಗೇ ಎಲ್ಲ ಅಧಿಕಾರ ಕೊಡುವ ರಾಜಕೀಯ, ಹುಟ್ಟಿದ್ದು 1919ರ ಮಾರ್ಚ್‌ನಲ್ಲಿ, ಇಟಲಿಯ ಮಿಲಾನ್ ಪೇಟೆಯಲ್ಲಿ. ಬಲಿತದ್ದು ಮಾತ್ರ ಹಳ್ಳಿಗಳಲ್ಲಿ. ಪೋ ನದಿಯ ಬಯಲಿನಲ್ಲಿ ಕೂಲಿಯವರು ಸಂಘ ಕಟ್ಟಿಕೊಂಡು ಕೂಲಿ ಜಾಸ್ತಿ ಕೇಳಿದ್ದರು. 1920-21ರಲ್ಲಿ ಅಲ್ಲಿನ ದೊಡ್ಡ ಜಮೀನಿನವರು ಫ್ಯಾಸಿಸ್ಟರ ನಾಯಕ ಮುಸೊಲಿನಿಯ ಕರಿ ಅಂಗಿ ಹುಡುಗರಿಗೆ ದುಡ್ಡು ಕೊಟ್ಟರು, ಲಾರಿಯನ್ನೂ ಕೊಟ್ಟರು. ಆ ಹುಡುಗರು ಲಾರಿಯಲ್ಲಿ ಬಂದು ಸಂಘದ ಆಫೀಸಿಗೆ ಬೆಂಕಿ ಹಚ್ಚುತ್ತಿದ್ದರು. ಮುಖಂಡನನ್ನು ಮನೆಯಿಂದ ಎಳೆದು ಬಾಯಿಗೆ ಹರಳೆಣ್ಣೆ ಸುರಿಯುತ್ತಿದ್ದರು. ಎಷ್ಟೋ ಕಡೆ ಪೊಲೀಸರು ಸುಮ್ನೆ ನೋಡುತ್ತಾ ನಿಂತಿದ್ದರು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವಳು. ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ ಇದೆ. ಈ ಪಾಠ ಮಾಡಿದಾಗಲೆಲ್ಲ ಮಕ್ಕಳಿಗೆ ನೆನಪಿರುತ್ತಿದ್ದದ್ದು ಹಿಟ್ಲರನ ಮೀಸೆ, ಅಷ್ಟೇ. ನನ್ನ ಕಣ್ಣು ಹೋಗುತ್ತಿದ್ದದ್ದು ಲಾರಿ ಕೊಟ್ಟವರ ಮೇಲೆ. ಅವರು ರಾಕ್ಷಸರಲ್ಲ, ಕುಯ್ಲಿನ ಹೊತ್ತಿಗೆ ಕೂಲಿ ಏರಿತು ಅಂತ ತಲೆ ಕೆಡಿಸಿಕೊಂಡ ನಮ್ಮಂಥ ಜಮೀನಿನವರು.

ಆದ್ದರಿಂದ ಮೊದಲು ಇದನ್ನು ನೋಡಿ: ಹೊಡೆಯುತ್ತಿರುವವರು ಯಾರು, ಆಮೇಲೆ ಕೇಸು ಯಾರ ಮೇಲೆ ಬೀಳುತ್ತದೆ? ಅಧಿಕಾರವೇ ಇಲ್ಲದ ಹುಡುಗರು ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಹೆಸರು ಕೇಳುತ್ತಾರೆ, ಚೀಲ ಬಿಚ್ಚಿಸುತ್ತಾರೆ. ಮಾರನೇ ದಿನ ಏಟು ತಿಂದವನ ಮೇಲೇ ದೂರು ದಾಖಲಾಗುತ್ತದೆ. ಇದು ಒಂದು ಸಲ ಆದರೆ ಗೂಂಡಾಗಿರಿ. ಮತ್ತೆ ಮತ್ತೆ ಆಗಿ, ಮೇಲಿನವರು ಹಾರ ಹಾಕತೊಡಗಿದರೆ ಎಚ್ಚರ ಆಗಲೇಬೇಕು. ಅಂಥವರು ಬಂದು ಡೀಸೆಲ್‌ಗೆ ಕಾಸು, ಒಂದು ಜೀಪು, ಹುಡುಗರಿಗೆ ಊಟ ಅಂತ ಕೇಳಿದರೆ ಕೊಡಬೇಡಿ. ಜೀಪ್ ಕೆಟ್ಟಿದೆ ಅಂದರೂ ನಡೆಯುತ್ತದೆ.

ಎರಡನೆಯದು, 'ಅವರೆಲ್ಲ' ಎಂಬ ಮಾತು. ಕುಯ್ಲಿನ ಕಾಲಕ್ಕೆ ಇಲ್ಲಿನ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಅಸ್ಸಾಮಿನವರು ತುಂಬಿರುತ್ತಾರೆ. ಕಣದಿಂದ ಎರಡು ಚೀಲ ಕಾಫಿ ಹೋದರೆ ಕದ್ದವನು ಒಬ್ಬ. ಸಂಜೆಯೊಳಗೆ ಅದು 'ಅವರೆಲ್ಲ ಕಳ್ಳರು' ಆಗುತ್ತದೆ, ವಾರದಲ್ಲಿ 'ಅವರ್ಯಾರೂ ಇಲ್ಲಿಯವರೇ ಅಲ್ಲ, ಓಡಿಸಿ' ಆಗುತ್ತದೆ. ಕೆಲಸದವರ ಗುರುತಿನ ಚೀಟಿ ನೋಡಿ ಇಟ್ಟುಕೊಳ್ಳುವುದು ಮಾಲೀಕರ ಕೆಲಸ, ಮಾಡಿ. ಅದನ್ನು ದಾರಿಹೋಕರ ಕೈಗೆ ಬಿಡಬೇಡಿ. ಜರ್ಮನಿಯಲ್ಲಿ 1933ರ ಏಪ್ರಿಲ್ 1ರಂದು ಯಹೂದಿಗಳ ಅಂಗಡಿ ಮುಂದೆ ಹಿಟ್ಲರನ ಪಕ್ಷದ ಕಂದು ಅಂಗಿಯವರು 'ಇಲ್ಲಿ ಕೊಳ್ಳಬೇಡಿ' ಅಂತ ಬೋರ್ಡ್ ಹಿಡಿದು ನಿಂತರು. ನಿಮ್ಮ ಸಂತೆಯಲ್ಲೂ 'ಇಂಥವರ ಹತ್ತಿರ ಕೊಳ್ಳಬೇಡಿ' ಎಂಬ ಮಾತು ಬಂದರೆ, ಮುಂದಿನ ವಾರ ಅದೇ ಅಂಗಡಿಗೆ ಹೋಗಿ. ಒಬ್ಬರೇ ಬೇಡ, ನಾಲ್ಕು ಜನ ಸೇರಿ ಹೋಗಿ. ಚೌಕಾಸಿ ಮಾಡಿ, ಜೋರಾಗಿ ಮಾತಾಡಿ, ಕಾಣುವ ಹಾಗೆ ಚೀಲ ತುಂಬಿಸಿಕೊಂಡು ಬನ್ನಿ.

ಕಾನೂನಿನ ವಿಷಯ ಸ್ವಲ್ಪ ಸೂಕ್ಷ್ಮ. ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರ ಜನವರಿ 30ರಂದು. ಫೆಬ್ರವರಿ 27ಕ್ಕೆ ಸಂಸತ್ ಭವನಕ್ಕೆ ಬೆಂಕಿ ಬಿತ್ತು, ಮಾರನೇ ದಿನವೇ ಮಾತಾಡುವ, ಸಭೆ ಸೇರುವ ಹಕ್ಕು ಹೋಯಿತು. ಮಾರ್ಚ್ 23ರಂದು ಸಂಸತ್ತೇ ತನ್ನ ಅಧಿಕಾರವನ್ನು ಅವನ ಕೈಗಿಟ್ಟಿತು. ವಿರುದ್ಧ ಬಿದ್ದದ್ದು 94 ಮತ ಮಾತ್ರ, ಎಲ್ಲವೂ ಸೋಷಿಯಲ್ ಡೆಮಾಕ್ರಾಟ್ ಪಕ್ಷದವರದ್ದು. ಅಂದರೆ 'ಕಾನೂನು ಪ್ರಕಾರವೇ ಆಗಿದೆಯಲ್ಲ' ಅಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಹಾಗಂತ ಕಂಡದ್ದಕ್ಕೆಲ್ಲ ಈ ಹೆಸರು ಅಂಟಿಸಬೇಡಿ. ಖಾತೆ ಮಾಡಿಕೊಡಲು ಸತಾಯಿಸುವ ಪಂಚಾಯಿತಿಯವನು ಲಂಚಕೋರ, ಫ್ಯಾಸಿಸ್ಟ್ ಅಲ್ಲ! 1975ರ ತುರ್ತು ಪರಿಸ್ಥಿತಿಯನ್ನೂ ನಾನು ಫ್ಯಾಸಿಸಂ ಅನ್ನುವುದಿಲ್ಲ. ಪತ್ರಿಕೆಗಳ ಬಾಯಿ ಕಟ್ಟಿದ್ದು ನಿಜ, ಜೈಲು ತುಂಬಿಸಿದ್ದೂ ನಿಜ. ಆದರೆ 1977ರಲ್ಲಿ ಚುನಾವಣೆ ನಡೆಯಿತು, ಸೋತವರು ಕುರ್ಚಿ ಬಿಟ್ಟು ಇಳಿದರು. ಸೋತರೆ ಇಳಿಯುತ್ತಾರಾ? ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

'ಟೀಚರೇ, ನಮ್ಮೊಬ್ಬರಿಂದ ಏನಾಗುತ್ತೆ?' ಅಂತ ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೇಳಿದ್ದ. ಒಬ್ಬರಿಂದ ಕಷ್ಟವೇ. 1931ರಲ್ಲಿ ಇಟಲಿಯ ಪ್ರೊಫೆಸರುಗಳೆಲ್ಲ ಫ್ಯಾಸಿಸ್ಟ್ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂದಾಗ, ಸುಮಾರು 1200 ಜನರಲ್ಲಿ ಆಗಲ್ಲ ಅಂದವರು ಹತ್ತು-ಹನ್ನೆರಡು ಮಂದಿ. ಅವರ ಕೆಲಸ ಹೋಯಿತು, ಮುಗೀತು. ನಾರ್ವೆಯ ಮೇಷ್ಟರುಗಳು ಬೇರೆ ಥರ ಮಾಡಿದರು. ನಾಜಿಗಳ ಕೈಗೊಂಬೆ ಕ್ವಿಸ್ಲಿಂಗ್ 1942ರಲ್ಲಿ ತನ್ನ ಹೊಸ ಶಿಕ್ಷಕರ ಸಂಘಕ್ಕೆ ಎಲ್ಲರೂ ಸೇರಬೇಕು ಅಂದ. ಸಾವಿರಾರು ಶಿಕ್ಷಕರು ಸೇರುವುದಿಲ್ಲ ಅಂತ ಒಂದೇ ಒಕ್ಕಣೆಯ ಪುಟ್ಟ ಕಾಗದ ಬರೆದು, ಕೆಳಗೆ ತಮ್ಮ ತಮ್ಮ ಹೆಸರು ಹಾಕಿ ಕಳಿಸಿದರು. ಸೌದೆ ಇಲ್ಲ ಎಂಬ ನೆಪದಲ್ಲಿ ಸರ್ಕಾರ ಶಾಲೆ ಮುಚ್ಚಿತು. ಸಾವಿರಕ್ಕೂ ಹೆಚ್ಚು ಮೇಷ್ಟರನ್ನು ಹಿಡಿದು, ನೂರಾರು ಜನರನ್ನು ಉತ್ತರದ ತುದಿಯ ಕಿರ್ಕೆನೆಸ್‌ಗೆ ದುಡಿಯಲು ಕಳಿಸಿತು. ತಂದೆ-ತಾಯಂದಿರೂ ಕಾಗದ ಬರೆಯತೊಡಗಿದರು. ಆ ವರ್ಷ ಮುಗಿಯುವುದರೊಳಗೆ ಮೇಷ್ಟರುಗಳು ಮನೆಗೆ ಬಂದರು, ಕ್ವಿಸ್ಲಿಂಗ್‌ನ ಯೋಜನೆ ಬಿದ್ದುಹೋಯಿತು.

ನೀವೂ ಹಾಗೇ ಮಾಡಬಹುದು. ಬೇರೆ ಬೇರೆ ಜಾತಿಯ, ಬೇರೆ ಬೇರೆ ಪಕ್ಷದ ಹತ್ತು ಜನರನ್ನು ಈಗಲೇ ಗುರುತು ಮಾಡಿಟ್ಟುಕೊಳ್ಳಿ, ಗಲಾಟೆ ಆದ ಮೇಲೆ ಹುಡುಕಿದರೆ ಯಾರೂ ಸಿಗುವುದಿಲ್ಲ. ಯಾರನ್ನಾದರೂ ಠಾಣೆಗೆ ಕರೆದುಕೊಂಡು ಹೋದರೆ ಇಬ್ಬರು ಮೂವರು ಜೊತೆಗೆ ಹೋಗಿ. ಸಾಮಾನ್ಯ ಕೇಸಿನಲ್ಲಿ ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು, ಅದು ಸಂವಿಧಾನದ 22ನೇ ವಿಧಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಗ್ರಾಮಸಭೆಯಲ್ಲಿ ಬಾಯಿಮಾತಿಗೆ ಬೆಲೆ ಕಡಿಮೆ, ಅರ್ಜಿ ಬರೆದುಕೊಂಡೇ ಹೋಗಿ. ಅರ್ಜಿಯಲ್ಲಿ ಬೈಗುಳ ಬೇಡ. ಯಾರು, ಎಲ್ಲಿ, ಯಾವತ್ತು, ಏನು ಮಾಡಿದರು, ಅಷ್ಟು ಸಾಕು. ಸೀಲ್ ಹಾಕಿಸಿಕೊಂಡು ಒಂದು ಜೆರಾಕ್ಸ್ ಮನೆಯಲ್ಲಿಡಿ.

ವಾಟ್ಸಾಪ್ ಬಗ್ಗೆಯೂ ಹೇಳಬೇಕು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟ ಗುಂಪಿನಲ್ಲಿದ್ದ ಹೈದರಾಬಾದಿನ ಯುವಕನನ್ನು, ಮಕ್ಕಳ ಕಳ್ಳರು ಎಂಬ ವಾಟ್ಸಾಪ್ ವದಂತಿ ನಂಬಿ ಜನ ಹೊಡೆದು ಕೊಂದರು. ಕುಟುಂಬದ ಗ್ರೂಪಿನಲ್ಲಿ ಅಂಥದ್ದು ಬಂದರೆ ಅಲ್ಲೇ ಜಗಳಕ್ಕೆ ನಿಲ್ಲಬೇಡಿ, ಎಲ್ಲರೆದುರು ಯಾರೂ ಸೋಲು ಒಪ್ಪುವುದಿಲ್ಲ. ಕಳಿಸಿದವರಿಗೆ ಬೇರೆಯಾಗಿ ಫೋನ್ ಮಾಡಿ, 'ಮಾವ, ಇದು ಯಾವ ಊರಿನದ್ದು, ಯಾವತ್ತಿನದ್ದು?' ಅಂತ ಕೇಳಿ. ನಮ್ಮ ಮಾವ ಎರಡು ಸಲ ಬೈದರು. ಮೂರನೇ ಸಲ ತಾವೇ ಡಿಲೀಟ್ ಮಾಡಿ, ಆ ಮಾತು ಬಿಟ್ಟು ಮೆಣಸಿನ ರೇಟು ಕೇಳಿದರು.